ಕೆರೆಯ ನೋಟ ಮಾರಾಟಕ್ಕಿದೆ... ಕೆರೆ ಯಾರದ್ದು ಸ್ವಾಮಿ?

ಬೆಂಗಳೂರಿನಿಂದ ಹೊಸಕೋಟೆ ದಾಟಿ ಕೋಲಾರದ ಕಡೆ ಹೊರಟರೆ ರಸ್ತೆಯ ಎರಡೂ ಬದಿ ಬೋರ್ಡುಗಳೇ ಬೋರ್ಡುಗಳು. ‘ಲೇಕ್ ವ್ಯೂ ವಿಲ್ಲಾ ಪ್ಲಾಟ್’, ‘ವಾಟರ್‌ಫ್ರಂಟ್ ಹೋಮ್ಸ್’, ‘ಕೆರೆ ದಡದಲ್ಲಿ ನಿಮ್ಮ ಕನಸಿನ ಮನೆ’... ಚಿತ್ರದಲ್ಲಿ ನೀಲಿ ನೀರು, ಒಂದು ದೋಣಿ, ದಡದ ತನಕ ಹುಲ್ಲುಹಾಸು, ಬಿಳಿ ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುತ್ತಿರುವ ಗಂಡ ಹೆಂಡತಿ. ಕೋಲಾರದ ಸೀಮೆಯಲ್ಲಿ ಹುಟ್ಟಿ ಬೆಳೆದ ನನಗೆ ಆ ಚಿತ್ರ ನೋಡಿದಾಗಲೆಲ್ಲ ಒಂದೇ ಅನುಮಾನ. ಇದು ಯಾವ ದೇಶದ ಕೆರೆ?

ನಮ್ಮ ಕೆರೆಗಳು ಹೀಗಿರಲ್ಲ ಅಂತ ನಿಮಗೂ ಗೊತ್ತು. ಹಾಕಿದವರಿಗೂ ಗೊತ್ತು. ಜಾಹೀರಾತು ಅಂದಮೇಲೆ ಸ್ವಲ್ಪ ಬಣ್ಣ ಇರುತ್ತೆ, ಇರಲಿ ಬಿಡಿ ಅನ್ನಬಹುದು. ನನ್ನ ತಕರಾರು ಬಣ್ಣದ ಬಗ್ಗೆ ಅಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ‘ಕೆರೆ ದಡದ ಮನೆ’ ಅಂತ ಯಾರಾದರೂ ಮಾರಿದರೆ, ಅವರು ಮಾರುತ್ತಿರುವುದು ತಮ್ಮದಲ್ಲದ ವಸ್ತುವನ್ನು. ಕೊಂಡವನು ಆ ದಡವನ್ನೂ ಉಳಿಸಿಕೊಳ್ಳಲಾರ, ಕೆರೆಯನ್ನೂ ಉಳಿಯಗೊಡಲಾರ. ಇಷ್ಟನ್ನೇ ಈ ಪೋಸ್ಟಿನಲ್ಲಿ ಹೇಳಬೇಕು ಅಂತ ಕೂತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ :-)

ಕೆರೆಗೆ ದಡ ಎಲ್ಲಿದೆ?

ನಮ್ಮದು ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆ. ಪಾಲಾರ್ ಇದೆ, ಹೆಸರಿಗೆ. ಮಾಲೂರಿನ ಅಂಚಲ್ಲಿ ದಕ್ಷಿಣ ಪಿನಾಕಿನಿ ಇದೆ, ಅದೂ ಹಾಗೇ. ವರ್ಷಕ್ಕೆ ಸರಾಸರಿ 750 ಮಿಲಿಮೀಟರಿನ ಆಸುಪಾಸು ಮಳೆ, ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಆ ನಾಲ್ಕಾರು ಜೋರು ಮಳೆಯ ನೀರನ್ನು ಹಿಡಿದು ವರ್ಷ ನೂಕಬೇಕಾಗಿದ್ದ ಜನ ಹಳ್ಳಕ್ಕೆ ಅಡ್ಡ ಏರಿ ಹಾಕಿ ಕೆರೆ ಕಟ್ಟಿದರು. ಒಂದರ ಕೋಡಿ ನೀರು ಇನ್ನೊಂದಕ್ಕೆ, ಅದರದ್ದು ಮತ್ತೊಂದಕ್ಕೆ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆಯಾಗುವ ಮುಂಚಿನ ಕೋಲಾರ ಜಿಲ್ಲೆಯಲ್ಲಿ ಇಂಥ ಕೆರೆಗಳು ನಾಲ್ಕು ಸಾವಿರಕ್ಕೂ ಹೆಚ್ಚು.

ಈ ಕೆರೆಗಳನ್ನು ಯುರೋಪಿನ ಸರೋವರದ ಹಾಗೆ ನೋಡುವುದೇ ಮೊದಲ ತಪ್ಪು. ಸರೋವರದ ನೀರು ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿ ನಿಲ್ಲುತ್ತೆ. ಅದಕ್ಕೊಂದು ದಡ ಅಂತ ಇರುತ್ತೆ. ನಮ್ಮ ಕೆರೆಗೆ ಒಂದು ಕಡೆ ಮಾತ್ರ ಗಟ್ಟಿ ಅಂಚು, ಅದು ಏರಿ. ಉಳಿದ ಮೂರು ಕಡೆ ನೆಲ ತಟ್ಟೆಯ ಹಾಗೆ ಇಳಿಜಾರು. ಒಂದಡಿ ನೀರು ಏರಿದರೆ ಹಿನ್ನೀರು ಎಷ್ಟೋ ದೂರ ಹೊಲದ ಕಡೆಗೆ ಹರಡಿಕೊಳ್ಳುತ್ತೆ. ಏಪ್ರಿಲ್‌ನಲ್ಲಿ ದನ ಮೇಯುತ್ತಿದ್ದ ಜಾಗದಲ್ಲಿ ನವೆಂಬರ್‌ನಲ್ಲಿ ಎದೆಮಟ್ಟದ ನೀರು. ಕೆರೆಯ ನಿಜವಾದ ಅಂಚನ್ನು ಹೇಳುವುದು ಕೋಡಿ. ನೀರು ಕೋಡಿಯ ಎತ್ತರಕ್ಕೆ ಬಂದ ದಿನ ಎಲ್ಲಿಯವರೆಗೆ ನಿಂತಿರುತ್ತೋ ಅಲ್ಲಿಯವರೆಗೂ ಕೆರೆ. ಅದು ಇಪ್ಪತ್ತು ವರ್ಷಕ್ಕೊಮ್ಮೆ ಆದರೂ ಸರಿಯೇ.

ಈಗ ಹೇಳಿ, ಬೇಸಿಗೆಯಲ್ಲಿ ಸೈಟ್ ತೋರಿಸುವ ಏಜೆಂಟ್ ಯಾವ ದಡ ತೋರಿಸುತ್ತಾನೆ? ನೀರಿಗೆ ಎಷ್ಟು ಹತ್ತಿರವೋ ಅಷ್ಟು ರೇಟು ಅಲ್ವಾ? ಅಂದಮೇಲೆ ಅತಿ ದುಬಾರಿ ಸೈಟೇ ಅತಿ ಮೊದಲು ಮುಳುಗುವ ಸೈಟು!

2021ರ ನವೆಂಬರ್‌ನಲ್ಲಿ ಇದನ್ನು ಇಡೀ ಜಿಲ್ಲೆ ಕಣ್ಣಾರೆ ಕಂಡಿತು. ವರ್ಷಾನುಗಟ್ಟಲೆ ಒಣಗಿ ಜಾಲಿ ಬೆಳೆದಿದ್ದ ಕೆರೆಗಳು ಸಾಲಾಗಿ ಕೋಡಿ ಬಿದ್ದವು. ಬಾಣರ ಕಾಲದಲ್ಲಿ ವಿಜಯಾದಿತ್ಯಮಂಗಲ ಅನ್ನಿಸಿಕೊಂಡಿದ್ದ ಬೇತಮಂಗಲದ ದೊಡ್ಡ ಕೆರೆಯೂ ತುಂಬಿ ಹರಿಯಿತು, ನೋಡಲು ಜಾತ್ರೆ ಸೇರಿತು. ಇನ್ನು ಈ ಕೆರೆ ತುಂಬಲ್ಲ ಬಿಡು ಅಂದುಕೊಂಡು ಅಂಗಳದಲ್ಲಿ ಬೆಳೆ ಇಟ್ಟವರು, ಕಾಲುವೆ ಮುಚ್ಚಿ ಶೆಡ್ ಹಾಕಿದವರು ಆ ವಾರ ಪಟ್ಟ ಪಾಡೂ ಜನಕ್ಕೆ ನೆನಪಿದೆ.

ಹಿಂದಿನವರಿಗೆ ನೀರಿನ ಪಕ್ಕ ಮನೆ ಕಟ್ಟೋಕೆ ಗೊತ್ತಿರಲಿಲ್ವಾ?

ಗೊತ್ತಿತ್ತು. ಆದರೂ ಕಟ್ಟಲಿಲ್ಲ. ನಮ್ಮ ಕಡೆಯ ಹಳೆಯ ಊರುಗಳನ್ನು ಒಮ್ಮೆ ಗಮನಿಸಿ. ಊರು ಏರಿಯ ಆಸುಪಾಸಿನಲ್ಲಿ, ಒಂದಿಷ್ಟು ದಿಣ್ಣೆಯ ಮೇಲೆ ಇರುತ್ತೆ. ಏರಿಯ ಕೆಳಗೆ ಅಚ್ಚುಕಟ್ಟು, ಗದ್ದೆ ಬಯಲು. ನೀರು ಬಂದು ಸೇರುವ ಮೇಲ್ಗಡೆ ಮಾತ್ರ ಮನೆ ಇಲ್ಲ. ಅಲ್ಲಿ ಗೋಮಾಳ, ಗುಂಡುತೋಪು, ಪೋಷಕ ಕಾಲುವೆ. ಕೆರೆ ಬತ್ತಿದಾಗ ರೈತ ಹೊಲಕ್ಕೆ ಗೋಡು ಹೊಡೆಯುತ್ತಿದ್ದ, ಕುಂಬಾರ ಜೇಡಿಮಣ್ಣು ತೆಗೆಯುತ್ತಿದ್ದ, ತುಂಬಿದಾಗ ಮೀನು. ಅಗಸರ ಕಲ್ಲು ಅಲ್ಲೇ, ದನ ಮೈ ತೊಳೆಯುವುದು ಅಲ್ಲೇ. ಇವತ್ತಿನ ಭಾಷೆಯಲ್ಲಿ ವಾಟರ್‌ಫ್ರಂಟ್ ಅಂತಾರಲ್ಲ, ಅದು ಇಡೀ ಊರಿನದಾಗಿತ್ತು. ಯಾರ ಕಾಂಪೌಂಡಿನ ಒಳಗೂ ಇರಲಿಲ್ಲ.

ಅದಕ್ಕೊಂದು ವ್ಯವಸ್ಥೆಯೂ ಇತ್ತು. ತೂಬು ತೆಗೆದು ಮುಚ್ಚಿ ಸರದಿಯ ಪ್ರಕಾರ ನೀರು ಬಿಡಲು ನೀರುಗಂಟಿ ಇದ್ದ. ಎಪಿಗ್ರಾಫಿಯ ಕರ್ನಾಟಕದ ಕೋಲಾರ ಜಿಲ್ಲೆಯ ಸಂಪುಟ, ಅಂದರೆ 1905ರಲ್ಲಿ ಬಂದ 10ನೇ ಸಂಪುಟ, ತಿರುವಿ ನೋಡಿದರೆ ಕಟ್ಟುಕೊಡಗೆ, ದಶವಂದ ಅನ್ನುವ ಮಾತು ಮತ್ತೆ ಮತ್ತೆ ಸಿಗುತ್ತೆ. ಕೆರೆ ಕಟ್ಟಿದವನಿಗೆ, ರಿಪೇರಿ ಮಾಡಿಸಿದವನಿಗೆ ಕೆರೆಯ ಕೆಳಗಿನ ಭೂಮಿಯಲ್ಲಿ ಪಾಲು. ಕೆರೆ ಬದುಕಿದ್ದರೆ ಮಾತ್ರ ಆ ಭೂಮಿಗೆ ಬೆಲೆ, ಹಾಗಾಗಿ ಕೆರೆ ಕಾಯುವುದು ಅವನ ಸ್ವಂತ ಲಾಭದ ಕೆಲಸ.

ಈಗಿನ ಲೇಔಟಿನಲ್ಲಿ ಇದು ತಲೆಕೆಳಗು. ಹಿನ್ನೀರಿನ ಅಂಚಿನಲ್ಲಿ ಒಂದು ಕೋಟಿಯ ಮನೆ ಕಟ್ಟಿದವನಿಗೆ ಕೆರೆ ತುಂಬುವುದೇ ಭಯ. ಚಿತ್ರದಲ್ಲಿರುವಷ್ಟು ನೀರು ಬೇಕು, ಅದಕ್ಕಿಂತ ಒಂದಡಿ ಹೆಚ್ಚು ಬೇಡ. ಮೊದಲ ಜೋರು ಮಳೆಗೆ ಗೇಟಿನ ತನಕ ನೀರು ಬಂತು ಅಂದುಕೊಳ್ಳಿ. ಆತ ಏನು ಮಾಡ್ತಾನೆ? ಅರ್ಜಿ ಕೊಡ್ತಾನೆ, ಫೋನ್ ಮಾಡಿಸ್ತಾನೆ. ಕೋಡಿ ತಗ್ಗಿಸಿ, ನೀರು ಬಿಡಿ ಅಂತಾನೆ. ಅಂಗಳದಲ್ಲಿ ಬೆಳೆ ಇಟ್ಟವರು ರಾತ್ರೋರಾತ್ರಿ ಕೋಡಿ ಒಡೆಯುವ ಕತೆ ನಮ್ಮ ಕಡೆ ಹಳೆಯದು. ವ್ಯತ್ಯಾಸ ಇಷ್ಟೇ, ಬಡ ರೈತ ಗುದ್ದಲಿ ತರುತ್ತಿದ್ದ, ಇವರು ಲೆಟರ್‌ಹೆಡ್ ತರುತ್ತಾರೆ. ಕೋಡಿ ಎರಡಡಿ ತಗ್ಗಿದರೆ ಕೆರೆಯ ಅರ್ಧ ನೀರು ಹೋಯಿತು ಅಂತಲೇ ಲೆಕ್ಕ, ಏಕೆಂದರೆ ತಟ್ಟೆಯಾಕಾರದ ಕೆರೆಯಲ್ಲಿ ಮೇಲಿನ ಎರಡಡಿಯಲ್ಲೇ ಹೆಚ್ಚು ನೀರು ಇರೋದು. ಕೆರೆಯ ಪಕ್ಕ ಬಂದವರೇ ಕೆರೆಗೆ ಕೊಳ್ಳಿ ಇಡುವುದು ಹೀಗೆ, ಯಾರ ಮೇಲೂ ದ್ವೇಷ ಇಲ್ಲದೆ.

ಇಷ್ಟಕ್ಕೂ ಆ ನೀರು ಎಲ್ಲಿಂದ ಬಂತು?

ಇಪ್ಪತ್ತು ವರ್ಷದ ಹಿಂದೆ ಕೋಲಾರದಲ್ಲಿ ಲೇಕ್ ವ್ಯೂ ಅಂತ ಬೋರ್ಡು ಹಾಕಿದ್ದರೆ ಜನ ನಗುತ್ತಿದ್ದರು. ಯಾವ ಲೇಕ್? ಯಾವ ವ್ಯೂ? ಒಣಗಿದ ಅಂಗಳ, ಸೀಮೆ ಜಾಲಿ, ಸುತ್ತ ನೀಲಗಿರಿ ತೋಪು. ಸಾವಿರದ ಇನ್ನೂರು ಅಡಿ ಕೊರೆದರೂ ಧೂಳು ಹಾರುವ ಬೋರ್‌ವೆಲ್‌ಗಳು, ಸಿಕ್ಕ ನೀರಲ್ಲಿ ಫ್ಲೋರೈಡು.

ಬದಲಾಗಿದ್ದು 2018ರಿಂದ. ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆ, ಎಲ್ಲರೂ ಕೆ.ಸಿ. ವ್ಯಾಲಿ ಅನ್ನೋದು. ಬೆಂಗಳೂರಿನ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿ, ದಿನಕ್ಕೆ 440 ದಶಲಕ್ಷ ಲೀಟರ್ ಲೆಕ್ಕದಲ್ಲಿ ಪಂಪ್ ಮಾಡಿ 126 ಕೆರೆಗಳಿಗೆ ತುಂಬಿಸುವ ಯೋಜನೆ. 2018ರ ಜೂನ್‌ನಲ್ಲಿ ಮೊದಲ ನೀರು ಬಂದದ್ದು ನರಸಾಪುರ ಸಮೀಪದ ಲಕ್ಷ್ಮೀಸಾಗರ ಕೆರೆಗೆ. ಜುಲೈನಲ್ಲಿ ಅಲ್ಲೇ ನೊರೆ ಎದ್ದಿತು. ಹೈಕೋರ್ಟ್ ತಡೆ ಕೊಟ್ಟಿತು, ತೆರವಾಯಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟು ಏಪ್ರಿಲ್‌ನಲ್ಲಿ ತೆರವು ಮಾಡಿತು. ಮೂರನೇ ಹಂತದ ಶುದ್ಧೀಕರಣ ಆಗಲೇಬೇಕು ಅಂತ ಶಾಶ್ವತ ನೀರಾವರಿ ಹೋರಾಟ ಸಮಿತಿಯವರು ಕೂಗುತ್ತಲೇ ಬಂದಿದ್ದಾರೆ. ಅಂತರ್ಜಲ ಏರಿತು, ಸತ್ತ ಬೋರ್‌ವೆಲ್‌ಗೆ ಜೀವ ಬಂತು ಅನ್ನುವ ರೈತರೂ ಇದ್ದಾರೆ, ಅವರ ಮಾತೂ ಸುಳ್ಳಲ್ಲ. ಆ ಚರ್ಚೆ ದೊಡ್ಡದು, ಇನ್ನೊಮ್ಮೆ ಮಾಡೋಣ.

ಇಲ್ಲಿ ಮುಖ್ಯವಾದದ್ದು ಬೇರೆ. ಈ ನೀರು ಅಂತರ್ಜಲ ಮರುಪೂರಣಕ್ಕೆ ಮಾತ್ರ, ಕೆರೆಯಿಂದ ನೇರವಾಗಿ ಮೋಟಾರ್ ಇಟ್ಟು ಎತ್ತುವ ಹಾಗಿಲ್ಲ ಅಂತ ರೈತರಿಗೆ ನಿಯಮ. ರೈತ ಒಂದು ಪೈಪ್ ಇಳಿಬಿಟ್ಟರೆ ಅಪರಾಧ. ಆದರೆ ಅದೇ ನೀರಿನ ನೋಟವನ್ನು ಚದರಡಿಗೆ ಇಷ್ಟು ಅಂತ ಮಾರಿದರೆ ಅದು ಅಭಿವೃದ್ಧಿ! ಸರ್ಕಾರದ ದುಡ್ಡಲ್ಲಿ ಬಂದ ನೀರು, ಊರವರು ಬಿಟ್ಟ ಅಂಗಳ, ಲಾಭ ಮಾತ್ರ ಬೋರ್ಡು ಹಾಕಿದವರದ್ದು.

ಇನ್ನೊಂದು ತಮಾಷೆ ಇದೆ. ಈ ಕೆ.ಸಿ. ವ್ಯಾಲಿ ಅಂದರೆ ಬೆಳ್ಳಂದೂರು ಕೆರೆ ಇರುವ ಅದೇ ಕಣಿವೆ. ಬೆಳ್ಳಂದೂರಿನ ಸುತ್ತಲೂ ಒಂದು ಕಾಲದಲ್ಲಿ ಲೇಕ್ ವ್ಯೂ ಅಪಾರ್ಟ್‌ಮೆಂಟುಗಳು ಭರ್ಜರಿಯಾಗಿ ಮಾರಾಟವಾದವು. 2015ರಲ್ಲಿ ನೊರೆ ರಸ್ತೆಗೆ ಬಂತು, ನೊರೆಗೆ ಬೆಂಕಿಯೂ ಹತ್ತಿತು. 2018ರ ಜನವರಿಯಲ್ಲಿ ಮತ್ತೆ ಬೆಂಕಿ ಬಿದ್ದು ಆರಿಸಲು ಸೇನೆಯವರು ಬರಬೇಕಾಯಿತು. ಲೇಕ್ ವ್ಯೂಗೆ ಹೆಚ್ಚು ದುಡ್ಡು ಕೊಟ್ಟವರು ಅದೇ ಕಡೆಯ ಕಿಟಕಿ ಮುಚ್ಚಿಕೊಂಡು ಬದುಕಿದರು. ಈಗ ಆ ಕಣಿವೆಯ ನೀರು ಅರ್ಧಂಬರ್ಧ ತೊಳೆಸಿಕೊಂಡು ಕೋಲಾರಕ್ಕೆ ಬಂದಿದೆ, ಅದರ ಹಿಂದೆಯೇ ಆ ಬೋರ್ಡೂ ಬಂದಿದೆ.

ಬೋರ್ಡು ಬರಲು ಬೇರೆ ಕಾರಣವೂ ಇದೆ. ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶ ಬಂತು. ಮಾಲೂರು, ಬಂಗಾರಪೇಟೆ ಕಡೆಯಿಂದ ಹಾಯುವ ಚೆನ್ನೈ ಎಕ್ಸ್‌ಪ್ರೆಸ್‌ವೇ ಹೊಸಕೋಟೆಯಿಂದ ಬೇತಮಂಗಲದವರೆಗೆ 2024ರ ಡಿಸೆಂಬರ್‌ನಲ್ಲಿ ಓಡಾಟಕ್ಕೆ ತೆರೆಯಿತು. ಮಾಲೂರಿನಲ್ಲಿ ಹೆಂಚು, ಇಟ್ಟಿಗೆಗೆ ಕೆರೆ ಮಣ್ಣು ಹೋಗುತ್ತಿತ್ತು, ಈಗ ಕೆರೆಯ ಅಂಚೇ ಹೋಗುತ್ತಿದೆ. ಶ್ರೀನಿವಾಸಪುರದ ಮಾವಿನ ತೋಟಗಳು ‘ಫಾರ್ಮ್ ಪ್ಲಾಟ್’ ಆಗುತ್ತಿವೆ. ನಂಗಲಿಯ ಗಡಿ ತನಕ ಹೆದ್ದಾರಿಯ ಪಕ್ಕ ಬೇಲಿ, ಕಲ್ಲು, ಧ್ವಜ.

ಸಮುದ್ರದ ದಡದಲ್ಲೂ ಇದೇ ಪಾಠ

ನೀರಿನ ಪಕ್ಕದ ಮನೆ ಅಂದರೆ ಇಂಗ್ಲೆಂಡಿನವರಿಗೆ ಬಲು ಆಸೆ. ಅವರ ಪಕ್ಕದ ವೇಲ್ಸ್ ಕರಾವಳಿಯಲ್ಲಿ ‘ವಿಶಾಲವಾದ, ಕುಟುಂಬಕ್ಕೆ ಹೇಳಿಮಾಡಿಸಿದ, ಕಡಲಂಚಿನ ಮನೆ’ ಅನ್ನುವ ಜಾಹೀರಾತುಗಳಿಗೆ ಬರವಿಲ್ಲ. ಅದೇ ವೇಲ್ಸಿನಲ್ಲಿ ಫೇರ್‌ಬೋರ್ನ್ ಅಂತ ಒಂದು ಪುಟ್ಟ ಕಡಲೂರು ಇದೆ, ಗ್ವಿನೆಡ್ ಅನ್ನುವ ಪ್ರಾಂತ್ಯದಲ್ಲಿ. ತಗ್ಗಿನ ಜೌಗು ನೆಲದಲ್ಲಿ ಕಡಲ ನೋಟಕ್ಕಾಗಿಯೇ ಕಟ್ಟಿದ ಊರು. ಸಮುದ್ರಮಟ್ಟ ಏರುತ್ತಿರುವುದರಿಂದ ತಡೆಗೋಡೆಯನ್ನು ಬಹುಕಾಲ ಕಾಯಲಾಗದು, 2054ರ ಸುಮಾರಿಗೆ ಊರನ್ನೇ ಖಾಲಿ ಮಾಡಿಸಬೇಕಾಗಬಹುದು ಅನ್ನುವ ಅಧಿಕೃತ ಯೋಜನೆ 2014ರ ಹೊತ್ತಿಗೆ ಸುದ್ದಿಯಾಯಿತು. ಕೂಡಲೇ ಮನೆಗಳ ಬೆಲೆ ಕುಸಿಯಿತು, ಬ್ಯಾಂಕುಗಳು ಸಾಲ ಕೊಡಲು ಹಿಂಜರಿದವು. ಒಂದು ಅಲೆಯೂ ಮನೆಯೊಳಗೆ ಬರುವ ಮೊದಲೇ ಜನ ತಮ್ಮ ಜೀವಮಾನದ ಉಳಿತಾಯ ಕಳೆದುಕೊಂಡ ಹಾಗಾಯಿತು.

ಅಲ್ಲಿಯವರಿಗೆ ಒಂದು ವಿಷಯ ಮೆಚ್ಚಬೇಕು. ಇಷ್ಟು ವರ್ಷ ಆದಮೇಲೆ ಏನಾಗುತ್ತೆ ಅಂತ ಕಾಗದದ ಮೇಲೆ ಬರೆದು ಹೇಳಿದರು. ನಮ್ಮಲ್ಲಿ ಮಳೆಗಾಲವೇ ಬಂದು ಹೇಳಬೇಕು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಸರ್ಜಾಪುರ ರಸ್ತೆಯ ಕಡೆ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಂದ ಜನರನ್ನು ಟ್ರ್ಯಾಕ್ಟರ್‌ನಲ್ಲಿ ಕೂರಿಸಿಕೊಂಡು ಬಂದಿದ್ದನ್ನು ಟೀವಿಯಲ್ಲಿ ನೀವೂ ನೋಡಿದ್ದೀರಿ. ನೀರು ತನ್ನ ಹಳೆಯ ದಾರಿಯಲ್ಲೇ ಬಂದಿತ್ತು ಅಷ್ಟೆ.

‘ರೈತ ಜಮೀನು ಮಾರಬಾರದಾ?’

ಈ ಮಾತೆತ್ತಿದರೆ ಬರುವ ಮೊದಲ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆಯೇ. ನಾಲ್ಕು ಬೋರ್ ಹಾಕಿಸಿ ಸಾಲ ಮಾಡಿಕೊಂಡವನಿಗೆ, ಟೊಮ್ಯಾಟೊ ರಸ್ತೆಗೆ ಸುರಿದು ಬಂದವನಿಗೆ, ಬೆಂಗಳೂರಲ್ಲಿ ಕೂತವರು ಮಾರಬೇಡ ಅನ್ನುವುದು ಸುಲಭ. ಮಾರಲಿ. ಅವನ ಪಟ್ಟಾ ಜಮೀನು, ಅವನಿಷ್ಟ. ನಾನು ಕೇಳುತ್ತಿರುವುದು ಆ ಎರಡು ಎಕರೆಯ ಜೊತೆಗೆ ಸೇರಿಕೊಂಡು ಹೋಗುವ ಎರಡು ಗುಂಟೆ ಖರಾಬು, ಪಕ್ಕದ ಕಾಲುವೆ, ಹಿಂದಿನ ಅಂಗಳದ ಬಗ್ಗೆ. ಅವು ಅವನವಲ್ಲ. ರೈತನಿಗೆ ದುಡ್ಡು ಸಿಕ್ಕಿದ್ದು ಜಮೀನಿನ ರೇಟಲ್ಲಿ, ಲೇಔಟಿನವನು ಮಾರಿದ್ದು ಕೆರೆಯ ರೇಟಲ್ಲಿ. ಈ ಎರಡು ರೇಟಿನ ನಡುವಿನ ವ್ಯತ್ಯಾಸ ಇದೆಯಲ್ಲ, ಅದು ಊರಿನ ಆಸ್ತಿ. ಅದರ ಒಂದು ರೂಪಾಯಿಯೂ ಕೆರೆಯ ಹೂಳೆತ್ತಲು ಬರಲ್ಲ.

ಎರಡನೇ ವಾದ ಇನ್ನೂ ನಯ. ಒಳ್ಳೆಯವರು ಬಂದು ಮನೆ ಕಟ್ಟಿದರೆ ಕೆರೆ ಸ್ವಚ್ಛವಾಗಿ ಇಟ್ಟುಕೊಳ್ಳುತ್ತಾರೆ ರೀ, ವಾಕಿಂಗ್ ಪಾತ್ ಮಾಡ್ತಾರೆ, ಬೆಂಚು ಹಾಕ್ತಾರೆ ಅಂತ. ಹಾಕಬಹುದು. ಆದರೆ ದನ ಬಿಡ್ತಾರಾ? ಅಗಸರ ಕಲ್ಲು ಇರಲು ಬಿಡ್ತಾರಾ? ಗಣಪತಿ ಬಿಡಲು ಬಂದ ಹಳ್ಳಿಯ ಹುಡುಗರಿಗೆ ಸೆಕ್ಯುರಿಟಿಯವನು ಗೇಟು ತೆಗೀತಾನಾ? ನೂರು ಮನೆಯ ಬಚ್ಚಲು ನೀರು ಎಲ್ಲಿಗೆ ಹೋಗುತ್ತೆ? ಆ ನೂರು ಮನೆಗೆ ಕುಡಿಯುವ ನೀರು ಎಲ್ಲಿಂದ ಬರುತ್ತೆ? ಕಾವೇರಿ ಅಂತೂ ಇಲ್ಲ. ಮತ್ತೆ ಅದೇ ಬೋರ್‌ವೆಲ್. ಕೇಂದ್ರ ಅಂತರ್ಜಲ ಮಂಡಳಿ ವರ್ಷಗಳಿಂದ ‘ಅತಿಬಳಕೆ’ ಅಂತ ಗುರುತು ಹಾಕುತ್ತ ಬಂದ ಜಿಲ್ಲೆಯಲ್ಲಿ!

ಕಾನೂನು ಏನನ್ನುತ್ತೆ?

ಕಾನೂನು ಇಲ್ಲ ಅಂತಲ್ಲ. ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ 2014ರ ಕಾಯ್ದೆ ಕೆರೆಯ ಗಡಿಯಿಂದ 30 ಮೀಟರ್ ಒಳಗೆ ಮನೆ, ಅಂಗಡಿ, ಕಾರ್ಖಾನೆ ಯಾವುದೂ ಬೇಡ ಅಂದಿತು. 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬೆಂಗಳೂರಿನ ಕೆರೆಗಳಿಗೆ 75 ಮೀಟರ್ ಮೀಸಲು ಇಡಿ ಅಂತ ಆದೇಶಿಸಿತು, 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. 2025ರ ಆಗಸ್ಟ್‌ನಲ್ಲಿ ವಿಧಾನಸಭೆಯಲ್ಲಿ ಅಂಗೀಕಾರವಾದ ತಿದ್ದುಪಡಿ ಮಸೂದೆಯಲ್ಲಿ ಕೆರೆಯ ಅಳತೆಗೆ ತಕ್ಕಂತೆ ಮೀಸಲು. ನೂರು ಎಕರೆ ಮೇಲ್ಪಟ್ಟ ಕೆರೆಗೆ ಮಾತ್ರ 30 ಮೀಟರ್, ಸಣ್ಣದಕ್ಕೆ ಕಡಿಮೆ, ತೀರಾ ಪುಟ್ಟ ಕುಂಟೆಗೆ ಸೊನ್ನೆ. ಕೋಲಾರದ ಕೆರೆಗಳಲ್ಲಿ ಬಹುಪಾಲು ಸಣ್ಣವೇ. ಸಣ್ಣ ಕೆರೆಯ ಹಿನ್ನೀರೇನು ಸಣ್ಣ ದೂರ ಹರಡುತ್ತಾ? ಅಳತೆ ಮಾಡಬೇಕಾದ್ದು ಇಳಿಜಾರು ಮತ್ತು ಕೋಡಿಯ ಮಟ್ಟವನ್ನು, ಎಕರೆಯನ್ನಲ್ಲ.

ಕೊಳ್ಳುವವರಿಗೆ ಒಂದು ಮಾತು. 2001ರಲ್ಲಿ ಹಿಂಚ್ ಲಾಲ್ ತಿವಾರಿ ಪ್ರಕರಣದಲ್ಲಿ, 2011ರಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ, ಊರ ಕೊಳದ ಜಾಗ ಊರಿನದೇ. ಎರಡನೇ ಪ್ರಕರಣ ಪಂಜಾಬಿನ ಹಳ್ಳಿಯದು. ಕೊಳ ಮುಚ್ಚಿ ಮನೆ ಕಟ್ಟಿದ್ದರು, ದುಡ್ಡು ಕಟ್ಟಿಸಿಕೊಂಡು ಸಕ್ರಮ ಮಾಡಬಹುದು ಅಂತ ಅಧಿಕಾರಿ ಹೇಳಿದ್ದರು. ಕೋರ್ಟ್ ಒಪ್ಪಲಿಲ್ಲ. ಎಷ್ಟು ಖರ್ಚು ಮಾಡಿ ಕಟ್ಟಿದ್ದೀರಿ ಅನ್ನುವುದು ಅಲ್ಲಿ ಉತ್ತರವಾಗಲಿಲ್ಲ. ಇ-ಖಾತಾ ಇದೆ, ಬ್ಯಾಂಕ್ ಲೋನ್ ಸಿಗುತ್ತೆ ಅನ್ನುವ ಮಾತಿಗೆ ಮರುಳಾಗುವ ಮುಂಚೆ ಇದನ್ನು ನೆನಪಿಡಿ.

ಸೈಟು ನೋಡಲು ಹೋದರೆ ಬ್ರೋಷರ್ ಪಕ್ಕಕ್ಕಿಟ್ಟು ಸರ್ವೆ ನಂಬರ್ ಕೇಳಿ. ಗ್ರಾಮ ನಕಾಶೆ ತೆಗೆಸಿ, ಆಕಾರ್‌ಬಂದ್ ನೋಡಿ. ದಿಶಾಂಕ್ ಆ್ಯಪ್‌ನಲ್ಲಿ ಅದೇ ಜಾಗದಲ್ಲಿ ನಿಂತು ನೋಡಿದರೆ ಯಾವ ಸರ್ವೆ ನಂಬರ್ ಮೇಲೆ ನಿಂತಿದ್ದೀರಿ ಅಂತ ತೋರಿಸುತ್ತೆ. ಪಹಣಿಯಲ್ಲಿ ಖರಾಬು ಎಷ್ಟಿದೆ ನೋಡಿ. ಊರಿನ ವಯಸ್ಸಾದವರೊಬ್ಬರನ್ನು ‘ತಾತಾ, ಕೆರೆ ತುಂಬಿದಾಗ ನೀರು ಎಲ್ಲಿ ತನಕ ಬರ್ತಿತ್ತು?’ ಅಂತ ಕೇಳಿ. ಯಾವ ಸರ್ವೆಯರ್‌ಗಿಂತ ಚೆನ್ನಾಗಿ ತೋರಿಸುತ್ತಾರೆ. ಮಾರುವವನ ಮುಂದೆ ಇಷ್ಟು ಕೇಳಿ ನೋಡಿ, ಮುಖದಲ್ಲೇ ಅರ್ಧ ಉತ್ತರ ಸಿಗುತ್ತೆ.

ನಾವು ಬ್ಲಾಗಿಗರು ಏನು ಮಾಡಬಹುದು?

ಬೆಂಗಳೂರಿನ ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣ ಆಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣ ಆಯಿತು. ಈ ಕತೆಯನ್ನು ನಾವೆಲ್ಲ ನೂರು ಸಲ ಬರೆದು ನಿಟ್ಟುಸಿರು ಬಿಟ್ಟಿದ್ದೇವೆ. ಹೋದ ಕೆರೆಗೆ ಅಳುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಇರುವ ಕೆರೆಯ ಸರ್ವೆ ನಂಬರ್ ಮಾತ್ರ ನಮಗೆ ಗೊತ್ತಿಲ್ಲ.

ಹಾಗಾಗಿ ಒಂದು ಕೆಲಸ ಮಾಡೋಣ. ನೀವು ಕೋಲಾರದವರೇ ಆಗಬೇಕಿಲ್ಲ. ನಿಮ್ಮೂರಿನ ಒಂದು ಕೆರೆಯ ಬಗ್ಗೆ ಒಂದು ಪೋಸ್ಟ್ ಬರೆಯಿರಿ. ಕವಿತೆ ಬೇಡ, ಸೂರ್ಯಾಸ್ತದ ಫೋಟೋ ಬೇಡ. ಕೆರೆಯ ಹೆಸರು, ಹಳ್ಳಿ, ಸರ್ವೆ ನಂಬರ್, ದಾಖಲೆಯಲ್ಲಿರುವ ಎಕರೆ-ಗುಂಟೆ, ಕೋಡಿ ಯಾವ ಕಡೆ, ನೀರು ಎಲ್ಲಿಂದ ಬರುತ್ತೆ, ಕೋಡಿ ನೀರು ಮುಂದೆ ಯಾವ ಕೆರೆಗೆ ಹೋಗುತ್ತೆ, ತುಂಬಿದಾಗ ನೀರು ಎಲ್ಲಿ ತನಕ ನಿಲ್ಲುತ್ತೆ ಅಂತ ಊರಿನ ಹಿರಿಯರು ಹೇಳಿದ್ದು. ಇಷ್ಟೇ. ನಾಳೆ ಆ ಕೆರೆಯ ಹೆಸರು ಹಾಕಿ ಯಾರಾದರೂ ಹುಡುಕಿದರೆ ಬ್ರೋಷರ್ ಜೊತೆಗೆ ನಿಮ್ಮ ಪೋಸ್ಟೂ ಸಿಗಲಿ. ಲೋನಿಗೆ ಸಹಿ ಹಾಕುವ ಮುಂಚೆ ಒಬ್ಬನಾದರೂ ಅದನ್ನು ಓದಿದರೆ ಒಂದು ಕುಟುಂಬದ ದುಡ್ಡು ಉಳಿಯಿತು, ಕೋಡಿ ತಗ್ಗಿಸಿ ಅನ್ನುವ ಅರ್ಜಿ ಒಂದು ಕಡಿಮೆಯಾಯಿತು.

ನಾನು ನಮ್ಮೂರ ಕೆರೆಯ ಗ್ರಾಮ ನಕಾಶೆಗೆ ಅರ್ಜಿ ಹಾಕಿದ್ದೇನೆ, ಸಿಕ್ಕ ಕೂಡಲೇ ಬರೆಯುತ್ತೇನೆ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯವರು ಯಾರಾದರೂ ಈ ಪುಟ ಓದುತ್ತಿದ್ದರೆ ನಿಮ್ಮ ಕೆರೆಯ ಹೆಸರನ್ನಾದರೂ ಕೆಳಗೆ ಬರೆದು ಹೋಗಿ. ಇಲ್ಲ, ಕೆರೆ ದಡದಲ್ಲಿ ಮನೆ ಕಟ್ಟಿದರೆ ತಪ್ಪೇನು ಅನ್ನುವವರೂ ಬನ್ನಿ, ಜಗಳ ಆಡೋಣ. ಆದರೆ ಬರುವಾಗ ಸರ್ವೆ ನಂಬರ್ ತನ್ನಿ.